ಒಂದು ಹಾಡಿನ ಪಾಠಾಂತರ

ಆ ಹಾಡು ಬಂದಾಗ ಕೋಣೆಯೇ ಕುಗ್ಗಿದಂತಾಯಿತು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಅಲ್ಲಿಯವರೆಗಿನ ಎಂಟು ಹಾಡುಗಳಲ್ಲಿ ವಾದ್ಯಗಳೂ ದನಿಗಳೂ ತಮ್ಮ ತಮ್ಮ ಜಾಗ ಹಿಡಿದು ನಿಂತಿದ್ದವು. ಕಣ್ಣು ಮುಚ್ಚಿದರೆ ಯಾರು ಎಲ್ಲಿದ್ದಾರೆಂದು ಬೆರಳು ಮಾಡಿ ತೋರಿಸಬಹುದಿತ್ತು. ಒಂಬತ್ತನೆಯ ಹಾಡಿಗೆ ಪಿಯಾನೊ, ಡ್ರಮ್ಮು, ಹಾಡುಗಾರ, ಹಿಂದಿನ ತುತ್ತೂರಿಗಳು ಎಲ್ಲ ಒಂದರ ಮೇಲೊಂದು ಬಂದು ಕೂತವು. ಎಡಗಿವಿಗೂ ಬಲಗಿವಿಗೂ ಬರುತ್ತಿದ್ದುದು ಅದೇ ಸಂಗೀತ. ಆದರೆ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ತೆಳ್ಳಗೆ. ಹತ್ತನೆಯ ಹಾಡು ಶುರುವಾದ ಕೂಡಲೇ ಕೋಣೆ ಮತ್ತೆ ಮೊದಲಿನಷ್ಟಾಯಿತು.

ಆ ಹಾಡಿನ ಹೆಸರು 'ದಿಸ್ ವಿಲ್ ಬಿ ಅವರ್ ಇಯರ್'. ಎರಡು ನಿಮಿಷದ ಚಿಕ್ಕ ಹಾಡು. ಅದಿರುವ ಎಲ್‌ಪಿ 'ಒಡಿಸ್ಸಿ ಆ್ಯಂಡ್ ಆರಕಲ್'. ಹಾಡಿದವರು ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನ 'ದ ಝಾಂಬೀಸ್' ಎಂಬ ಐದು ಜನರ ತಂಡ. 1967ರಲ್ಲಿ ಧ್ವನಿಮುದ್ರಣಗೊಂಡು 1968ರ ಏಪ್ರಿಲ್‌ನಲ್ಲಿ ಸಿಬಿಎಸ್ ಕಂಪನಿಯಿಂದ ಹೊರಬಂತು. ಇಂದು ಅರವತ್ತರ ದಶಕದ ಸೈಕೆಡೆಲಿಕ್ ಪಾಪ್ ಎಂದ ಕೂಡಲೇ ಬಲ್ಲವರು ಈ ಎಲ್‌ಪಿಯ ಹೆಸರು ಹೇಳುತ್ತಾರೆ. ಬಂದ ವರ್ಷ ಅದನ್ನು ಕೊಂಡವರು ಕಡಿಮೆ. ಅದು ಅಂಗಡಿಗೆ ಬರುವ ಹೊತ್ತಿಗೆ ತಂಡವೇ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ದೊಡ್ಡ ಕಥೆಯಲ್ಲ, ಈ ಒಂದು ಹಾಡಿನ ಎಡವು. ಓಲೆಗರಿ ಬಿಚ್ಚಿ ಕೂತ ಸಂಪಾದಕನಿಗೆ ಒಂದು ಪದ್ಯದಲ್ಲಿ ಮಾತ್ರೆ ತಪ್ಪಿದರೆ ಅಲ್ಲಿ ಏನೋ ನಡೆದಿದೆ ಎಂದು ಹೊಳೆಯುತ್ತದೆ. ಗರಿ ಮುರಿದಿರಬೇಕು, ಲಿಪಿಕಾರನ ಕಣ್ಣು ಒಂದು ಸಾಲು ಹಾರಿರಬೇಕು, ಇಲ್ಲವೇ ನಡುವೆ ಯಾರೋ ತಮ್ಮದೊಂದನ್ನು ಸೇರಿಸಿರಬೇಕು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿ ಬೆಳೆದವರಿಗೆ ಈ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಇಂಗ್ಲಿಷ್ ಪಾಪ್ ಹಾಡಿಗೂ ಅದೇ ಕಣ್ಣಿಟ್ಟು ನೋಡೋಣ ಎನ್ನಿಸಿತು. ಪ್ರತಿಗಳನ್ನು ಕೂಡಿಸುವುದು, ಹೋಲಿಸುವುದು, ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ಕೇಳುವುದು. ಹಾಗೆ ಶುರುವಾದ ಹುಡುಕಾಟ ಇದು.

ಮೊದಲ ಕೆಲಸ ಕಿವಿಯ ಅನುಮಾನವನ್ನು ಖಚಿತ ಮಾಡಿಕೊಳ್ಳುವುದು. ಅದಕ್ಕೊಂದು ಸರಳ ಪರೀಕ್ಷೆಯಿದೆ, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಮಾಡಬಹುದು. ಹಾಡಿನ ಎಡ ಚಾನೆಲ್ಲಿನಿಂದ ಬಲ ಚಾನೆಲ್ಲನ್ನು ಕಳೆಯಬೇಕು. ಹಾಡು ಅಪ್ಪಟ ಮೋನೋ ಆಗಿದ್ದರೆ ಎರಡೂ ಕಡೆ ಇರುವುದು ಒಂದೇ, ಕಳೆದರೆ ಮೌನ ಉಳಿಯುತ್ತದೆ. ನಿಜವಾದ ಸ್ಟೀರಿಯೊ ಆಗಿದ್ದರೆ ನಟ್ಟನಡುವೆ ಇದ್ದ ದನಿ ಮಾಯವಾಗಿ, ಬದಿಗಳಲ್ಲಿದ್ದ ವಾದ್ಯಗಳು ಉಳಿಯುತ್ತವೆ. ಉಳಿದ ಹನ್ನೊಂದು ಹಾಡುಗಳು ಹಾಗೆಯೇ ನಡೆದುಕೊಂಡವು. ಈ ಹಾಡು ಎರಡೂ ರೀತಿಗೆ ಒಗ್ಗಲಿಲ್ಲ. ಕಳೆದ ಮೇಲೂ ಇಡೀ ಹಾಡು ಉಳಿಯಿತು, ಆದರೆ ಸಾರ ಹಿಂಡಿದ ಹಿಂಡಿಯಂತೆ, ತೆಳುವಾಗಿ. ಯಾವ ವಾದ್ಯವೂ ಮಾಯವಾಗಲಿಲ್ಲ, ಯಾವುದೂ ತನ್ನ ಬಣ್ಣದಲ್ಲಿ ಉಳಿಯಲಿಲ್ಲ. ಇದು ನಕಲಿ ಸ್ಟೀರಿಯೊದ ಗುರುತು.

ನಕಲಿ ಸ್ಟೀರಿಯೊ ಎಂಬುದು ಆ ಕಾಲದ ದೊಡ್ಡ ಕಂಪನಿಗಳೆಲ್ಲ ಮಾಡುತ್ತಿದ್ದ ಕೆಲಸ. ಕೈಯಲ್ಲಿರುವುದು ಒಂದೇ ಚಾನೆಲ್ಲಿನ ಮೋನೋ ಟೇಪು. ಮಾರುಕಟ್ಟೆ ಕೇಳುತ್ತಿರುವುದು ಸ್ಟೀರಿಯೊ. ಆಗ ಆ ಒಂದೇ ದನಿಯನ್ನು ಎರಡು ಮಾಡಿ, ಒಂದು ಕಡೆ ಮಂದ್ರವನ್ನು ಎತ್ತಿ, ಇನ್ನೊಂದು ಕಡೆ ತಾರವನ್ನು ಎತ್ತಿ, ಕೆಲವೊಮ್ಮೆ ಒಂದನ್ನು ಕ್ಷಣದ ಒಂದು ಪಾಲಿನಷ್ಟು ತಡಮಾಡಿ, ತುಸು ಪ್ರತಿಧ್ವನಿ ಬೆರೆಸಿ ಬಿಡುತ್ತಿದ್ದರು. ಅಮೆರಿಕದ ಕ್ಯಾಪಿಟಲ್ ಕಂಪನಿ ಇದಕ್ಕೆ 'ಡ್ಯುಯೋಫೋನಿಕ್' ಎಂದು ಹೆಸರಿಟ್ಟು ಮಾರುತ್ತಿತ್ತು. ಹಾಡು ಅಗಲವಾಗುವುದಿಲ್ಲ, ಮಸುಕಾಗುತ್ತದೆ.

ಆದರೆ ಇಡೀ ಎಲ್‌ಪಿ ನಿಜವಾದ ಸ್ಟೀರಿಯೊದಲ್ಲಿದ್ದು, ಇದೊಂದಕ್ಕೆ ಮಾತ್ರ ಈ ಗತಿ ಯಾಕೆ? ನಾಲ್ಕು ಟ್ರ್ಯಾಕಿನ ಮೂಲ ಟೇಪು ಇದ್ದರೆ ಇದಕ್ಕೂ ಸ್ಟೀರಿಯೊ ಮಾಡಬಹುದಿತ್ತಲ್ಲ? ಉತ್ತರ ಸಿಗಲು ಧ್ವನಿಮುದ್ರಣದ ತಿಂಗಳುಗಳಿಗೆ ಹೋಗಬೇಕಾಯಿತು.

ಝಾಂಬೀಸ್ ಹೊಸಬರಾಗಿರಲಿಲ್ಲ. 1964ರಲ್ಲಿ ಡೆಕ್ಕಾ ಕಂಪನಿಗೆ ಹಾಡಿದ 'ಶೀಸ್ ನಾಟ್ ದೇರ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತ್ತು. ಕೀಬೋರ್ಡ್ ನುಡಿಸುವ ರಾಡ್ ಆರ್ಜೆಂಟ್, ಬೇಸ್ ಗಿಟಾರಿನ ಕ್ರಿಸ್ ವೈಟ್ ಇಬ್ಬರೂ ಹಾಡು ಕಟ್ಟುವವರು. ಕಾಲಿನ್ ಬ್ಲನ್‌ಸ್ಟೋನ್ ಗಾಯಕ, ಪಾಲ್ ಆಟ್ಕಿನ್ಸನ್ ಗಿಟಾರು, ಹ್ಯೂ ಗ್ರಂಡಿ ಡ್ರಮ್ಮು. ಡೆಕ್ಕಾದ ದಿನಗಳಲ್ಲಿ ಅವರ ನಿರ್ಮಾಪಕ ಕೆನ್ ಜೋನ್ಸ್. ಆಮೇಲಿನ ಹಾಡುಗಳು ಒಂದಾದ ಮೇಲೊಂದು ಮುಗ್ಗರಿಸಿದವು. ನಮ್ಮ ಹಾಡು ನಮ್ಮ ಕಿವಿಯಲ್ಲಿ ಕೇಳಿಸಿದಂತೆ ರೆಕಾರ್ಡಿನಲ್ಲಿ ಬರುತ್ತಿಲ್ಲ ಎಂಬ ಕೊರಗು ಆರ್ಜೆಂಟ್ ಮತ್ತು ವೈಟ್‌ಗೆ ಇತ್ತು. 1967ರಲ್ಲಿ ಸಿಬಿಎಸ್ ಒಂದು ಸಾವಿರ ಪೌಂಡು ಕೊಟ್ಟು, ನೀವೇ ನಿರ್ಮಾಪಕರಾಗಿ ಒಂದು ಎಲ್‌ಪಿ ಮಾಡಿ ಎಂದಿತು. ಆ ಸಾವಿರ ಪೌಂಡು ಎಂಬ ಅಂಕಿಯನ್ನು ಮರೆಯಬಾರದು. ಒಂಬತ್ತನೆಯ ಹಾಡಿನ ಗುಟ್ಟು ಅದರಲ್ಲಿದೆ.

ಜೂನ್ 1967. ಅವರು ಹೋದದ್ದು ಲಂಡನ್ನಿನ ಆ್ಯಬಿ ರೋಡಿನ ಇಎಂಐ ಸ್ಟುಡಿಯೋಗೆ. ಬೀಟಲ್ಸ್ ಅಲ್ಲಿ 'ಸಾರ್ಜೆಂಟ್ ಪೆಪರ್' ಮುಗಿಸಿ ಹೆಚ್ಚು ದಿನವಾಗಿರಲಿಲ್ಲ. ಅದನ್ನು ಮುದ್ರಿಸಿದ ಎಂಜಿನಿಯರ್ ಜೆಫ್ ಎಮರಿಕ್ ಝಾಂಬೀಸ್‌ಗೂ ಕೂತರು, ಜೊತೆಗೆ ಪೀಟರ್ ವಿನ್ಸ್. ಸ್ಟುಡಿಯೋದಲ್ಲಿ ಜಾನ್ ಲೆನನ್ನರ ಮೆಲೋಟ್ರಾನ್ ಹಾಗೇ ಬಿದ್ದಿತ್ತು, ಅದನ್ನೇ ಬಳಸಿಕೊಂಡೆವು ಎಂದು ಆರ್ಜೆಂಟ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಮೆಲೋಟ್ರಾನ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಈ ಎಲ್‌ಪಿಯ ಪ್ರಾಣವಾಯು ಅದು. ನೋಡಲು ಹಾರ್ಮೋನಿಯಮ್ಮಿನ ದೊಡ್ಡಣ್ಣ. ಒಳಗೆ ತಿದಿಯಿಲ್ಲ, ತಂತಿಯಿಲ್ಲ. ಪ್ರತಿ ಮನೆಯ ಕೆಳಗೆ ಒಂದೊಂದು ಟೇಪಿನ ಪಟ್ಟಿ. ಆ ಪಟ್ಟಿಯಲ್ಲಿ ಯಾರೋ ಕೊಳಲುಗಾರ, ಯಾರೋ ಪಿಟೀಲುಗಾರ ಮೊದಲೇ ನುಡಿಸಿಟ್ಟ ಒಂದೇ ಒಂದು ಸ್ವರ. ಮನೆ ಒತ್ತಿದರೆ ಟೇಪು ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಬೇರೆ ಯಾರದೋ ಉಸಿರನ್ನು ತುಂಡು ತುಂಡಾಗಿ ಎತ್ತಿ ಹೊಸ ರಾಗ ಕಟ್ಟುವ ಯಂತ್ರ. ಟೇಪಿನ ಓಟದಲ್ಲಿ ಸಣ್ಣ ನಡುಕ ಇದ್ದೇ ಇರುತ್ತದೆ, ಆದ್ದರಿಂದ ಸ್ವರ ಸ್ಥಿರವಾಗಿ ನಿಲ್ಲದೆ ನೀರಿನಲ್ಲಿ ಕಂಡ ಬಿಂಬದಂತೆ ಅಲುಗುತ್ತದೆ. ನಿಜವಾದ ಪಿಟೀಲು ವೃಂದವನ್ನು ಕರೆಸಲು ಈ ಹುಡುಗರ ಕೈಯಲ್ಲಿ ಹಣವಿರಲಿಲ್ಲ. ಬಡತನ ಕೊಟ್ಟ ಆ ಅಲುಗಾಟವೇ 'ಹಂಗ್ ಅಪ್ ಆನ್ ಎ ಡ್ರೀಮ್' ಹಾಡಿಗೆ ಕನಸಿನ ಮಂಜು ತಂದಿತು. 'ಚೇಂಜಸ್' ಹಾಡಿನ ಕೊಳಲೂ ಈ ಯಂತ್ರದ್ದೇ.

ಆ್ಯಬಿ ರೋಡಿನಲ್ಲಿ ದಿನ ಸಿಗದಾಗ ಕೆಲವು ಹಾಡುಗಳಿಗೆ ಒಲಿಂಪಿಕ್ ಸ್ಟುಡಿಯೋಗೆ ಹೋದರು, ಮತ್ತೆ ಆ್ಯಬಿ ರೋಡಿಗೆ ಬಂದರು. ಸ್ಟುಡಿಯೋದ ಗಂಟೆಗಳಿಗೆ ದುಡ್ಡು ಎಣಿಸಬೇಕಾಗಿದ್ದರಿಂದ ಹಾಡುಗಳನ್ನು ಮೊದಲೇ ಅಭ್ಯಾಸ ಮಾಡಿ, ಬಂದು, ಬೇಗ ಮುಗಿಸಿ ಹೋಗುತ್ತಿದ್ದರು. ಕೊನೆಯ ಹೊತ್ತಿಗೆ ಎಲ್ಲರೂ ದಣಿದಿದ್ದರು. 'ಟೈಮ್ ಆಫ್ ದ ಸೀಸನ್' ಹಾಡುವಾಗ ಆರ್ಜೆಂಟ್ ಹೇಳಿದಂತೆ ಹಾಡಲು ಒಪ್ಪದೆ ಬ್ಲನ್‌ಸ್ಟೋನ್ ಸಿಡಿದರೆಂದು ಇಬ್ಬರೂ ನೆನಪಿಸಿಕೊಂಡಿದ್ದಾರೆ. ನವೆಂಬರ್‌ನಲ್ಲಿ ಮುದ್ರಣ ಮುಗಿಯಿತು. ಮೊದಲ ಹಾಡು 'ಕೇರ್ ಆಫ್ ಸೆಲ್ 44' ಸಿಂಗಲ್ ಆಗಿ ಬಂದು ಮುಳುಗಿತು. ಡಿಸೆಂಬರ್ ಕಳೆಯುವಷ್ಟರಲ್ಲಿ ತಂಡ ಚದುರಿತು. ಹಾಡು ಬರೆಯುವ ಇಬ್ಬರಿಗೆ ರಾಯಲ್ಟಿ ಬರುತ್ತಿತ್ತು, ಉಳಿದ ಮೂವರಿಗೆ ಸಂಸಾರ ನಡೆಸಲು ಸಂಬಳ ಬೇಕಿತ್ತು. ಗಾಯಕ ಬ್ಲನ್‌ಸ್ಟೋನ್ ವಿಮಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು.

ಗುಟ್ಟು ಸಿಕ್ಕುವುದು ಇಲ್ಲಿ. ತಂಡ ಸಿಬಿಎಸ್‌ಗೆ ಒಪ್ಪಿಸಿದ್ದು ಮೋನೋ ಟೇಪು. 1967ರ ಬ್ರಿಟನ್ನಿನಲ್ಲಿ ಪಾಪ್ ಸಂಗೀತದ ಮೂಲಪ್ರತಿ ಎಂದರೆ ಮೋನೋ. ಮನೆಗಳಲ್ಲಿದ್ದ ಪ್ಲೇಯರು ಮೋನೋ, ರೇಡಿಯೋ ಮೋನೋ. ಹಾಡುಗಾರರು ಪಕ್ಕದಲ್ಲಿ ಕೂತು ತಿದ್ದಿಸುತ್ತಿದ್ದುದು ಆ ಮಿಶ್ರಣವನ್ನೇ. ಆದರೆ ಆ ಕೆಲವೇ ತಿಂಗಳಲ್ಲಿ ಗಾಳಿ ತಿರುಗಿತ್ತು. ಕಂಪನಿ ಸ್ಟೀರಿಯೊ ಕೇಳಿತು. ಸಾವಿರ ಪೌಂಡು ಆಗಲೇ ಖರ್ಚಾಗಿತ್ತು. ಆರ್ಜೆಂಟ್ ಮತ್ತು ವೈಟ್ ತಮ್ಮ ಹಾಡಿನ ರಾಯಲ್ಟಿಯಿಂದ ಇನ್ನೂರು ಪೌಂಡು ಹಾಕಿ ಸ್ಟೀರಿಯೊ ಮಾಡಿಸಿದರು. ಮುರಿದುಹೋಗುತ್ತಿದ್ದ ತಂಡದ ಕೊನೆಯ ಕೆಲಸಕ್ಕೆ ಕೈಯಿಂದ ಹಣ ಹಾಕಿದ ಆ ಇಬ್ಬರ ಬಗ್ಗೆ ನನಗೆ ಗೌರವವಿದೆ. ಅವರು ಬೇಡ ಎಂದಿದ್ದರೆ ಇಂದು ಲೋಕ ಕೇಳುವ ಸ್ಟೀರಿಯೊ ಹುಟ್ಟುತ್ತಿರಲಿಲ್ಲ.

ಹನ್ನೊಂದು ಹಾಡುಗಳಿಗೆ, ವಾದ್ಯಗಳನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಟ್ಟ ಮಲ್ಟಿಟ್ರ್ಯಾಕ್ ಮೂಲ ಟೇಪಿಗೆ ಹೋಗಿ ಅವನ್ನು ಎಡಬಲಕ್ಕೆ ಹಂಚಿದ್ದಾಯಿತು. 'ದಿಸ್ ವಿಲ್ ಬಿ ಅವರ್ ಇಯರ್' ಬಂದಾಗ ದಾರಿ ಮುಚ್ಚಿತ್ತು. ಆ ಹಾಡಿನ ತುತ್ತೂರಿಗಳು ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಇರಲೇ ಇಲ್ಲ. ಹಳೆಯ ನಿರ್ಮಾಪಕ ಕೆನ್ ಜೋನ್ಸ್ ಅವನ್ನು ಊದಿಸಿ ಸೇರಿಸಿದ್ದು ನೇರವಾಗಿ ಮೋನೋ ಮಿಶ್ರಣದ ಮೇಲೆ. ಒಂದು ಕಡೆ ಸಿದ್ಧವಾದ ಮೋನೋ ಹಾಡು ಓಡುತ್ತಿದೆ, ಇನ್ನೊಂದು ಕಡೆ ವಾದಕರು ಊದುತ್ತಿದ್ದಾರೆ, ಎರಡೂ ಕೂಡಿ ಹೊಸ ಟೇಪಿಗೆ ಇಳಿಯುತ್ತಿವೆ. ಒಮ್ಮೆ ಕೂಡಿದ ಮೇಲೆ ಹಾಲು ನೀರು ಬೆರೆತಂತೆ, ಬಿಡಿಸಲಾಗದು. ಮೂಲ ಟೇಪಿಗೆ ಹೋದರೆ ಸ್ಟೀರಿಯೊ ಸಿಗುತ್ತದೆ, ತುತ್ತೂರಿ ಇಲ್ಲ. ಮೋನೋಗೆ ಬಂದರೆ ತುತ್ತೂರಿ ಇದೆ, ಸ್ಟೀರಿಯೊ ಇಲ್ಲ. ಕೊನೆಗೆ ಮೋನೋವನ್ನೇ ಎರಡಾಗಿ ಸೀಳಿ ಸ್ಟೀರಿಯೊದ ವೇಷ ಹಾಕಿ ಕಳಿಸಿದರು. ನನ್ನ ಹೆಡ್‌ಫೋನಿನಲ್ಲಿ ಕುಗ್ಗಿದ ಕೋಣೆ ಅದು.

ಗ್ರಂಥಸಂಪಾದನೆಯ ಮಾತಿನಲ್ಲಿ ಹೇಳುವುದಾದರೆ ತುತ್ತೂರಿಗಳು ಪ್ರಕ್ಷೇಪವೇ, ಅಂದರೆ ಬೇರೆ ಯಾರೋ ನಡುವೆ ತುರುಕಿದ ಪಾಠವೇ? ತಂಡದ ಐವರಲ್ಲಿ ಯಾರೂ ಅವನ್ನು ನುಡಿಸಿಲ್ಲ. ಸೇರಿಸಿದವರು ಆ ಎಲ್‌ಪಿಯ ನಿರ್ಮಾಪಕರೂ ಅಲ್ಲ. ಈ ಪ್ರಶ್ನೆಯನ್ನು ನಾನು ಬಹಳ ದಿನ ತಿರುವಿ ಹಾಕಿದೆ. ನನ್ನ ತೀರ್ಮಾನ ಇದು: ಅವು ಪ್ರಕ್ಷೇಪವಲ್ಲ. ಕವಿ ಬದುಕಿದ್ದಾಗಲೇ, ಕವಿಯ ಒಪ್ಪಿಗೆಯಿಂದ, ಮೊದಲ ಪ್ರತಿ ಹೊರಬೀಳುವ ಮುನ್ನವೇ ಸೇರಿದ ಸಾಲು ಕಾವ್ಯದ ಭಾಗ. ಕೇಳಿ ನೋಡಿದರೂ ಹಾಗೆಯೇ. ಪಿಯಾನೊದ ದಿಟ್ಟ ನಡಿಗೆಯ ಹಿಂದಿನಿಂದ ಆ ತುತ್ತೂರಿಗಳು ಎದ್ದಾಗ ಹಾಡಿಗೆ ಬೆಳಗಿನ ಬಿಸಿಲು ಬರುತ್ತದೆ. ಅವಿಲ್ಲದ ರೂಪ ಇಟ್ಟುಕೊಳ್ಳಬೇಕಾದರೆ ಅನುಬಂಧದಲ್ಲಿರಲಿ.

ಮರುಮುದ್ರಣದ ಕೆಲಸವೆಂದರೆ ಗ್ರಂಥಸಂಪಾದನೆಯ ಕೆಲಸ ಎಂದು ನನಗೆ ಮನದಟ್ಟಾದದ್ದು ಈ ಹಂತದಲ್ಲಿ. ಎಲ್‌ಪಿಯ ಹೆಸರೇ ಅದಕ್ಕೆ ಇನ್ನೊಂದು ಸಾಕ್ಷಿ. ಹೊದಿಕೆಯ ಚಿತ್ರ ಬರೆದವರು ಟೆರಿ ಕ್ವರ್ಕ್, ವೈಟ್ ಜೊತೆ ಒಂದೇ ಮನೆಯಲ್ಲಿದ್ದ ಗೆಳೆಯ. ಹೂಬಳ್ಳಿಗಳಂತೆ ಹೆಣೆದುಕೊಂಡ ಅಕ್ಷರಗಳಲ್ಲಿ 'ಒಡಿಸ್ಸಿ' ಎಂದು ಬರೆಯುವಾಗ ವೈ ಇರಬೇಕಾದ ಒಂದು ಕಡೆ ಇ ಅಕ್ಷರ ಬರೆದರು. ಕನ್ನಡ ಲಿಪಿಯಲ್ಲಿ ಈ ತಪ್ಪನ್ನು ತೋರಿಸುವುದೂ ಕಷ್ಟ, ನಾವು ಉಚ್ಚಾರದಂತೆ ಬರೆಯುವವರು. ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ಇದು ಬೇಕೆಂದೇ ಮಾಡಿದ್ದು, ಇಂಗ್ಲಿಷಿನಲ್ಲಿ ಒಂದು ಬಗೆಯ ಭಾವಗೀತೆಗೆ ಇರುವ 'ಓಡ್' ಎಂಬ ಪದ ಅದರೊಳಗೆ ಕಾಣಲಿ ಎಂದು ಎಂಬ ವಿವರಣೆ ಬಹುಕಾಲ ಓಡಾಡಿತು. ವರ್ಷಗಳಾದ ಮೇಲೆ ಆರ್ಜೆಂಟ್ ಸತ್ಯ ಹೇಳಿದರು: ಅದು ಬರೀ ಕಾಗುಣಿತದ ತಪ್ಪು. ಲಿಪಿಕಾರನ ತಪ್ಪಿಗೆ ವ್ಯಾಖ್ಯಾನಕಾರ ಅರ್ಥ ಹಚ್ಚುವುದು ನಮಗೆ ಹೊಸದಲ್ಲ. ಇಂದು ಯಾವ ಮರುಮುದ್ರಣವೂ ಆ ಅಕ್ಷರವನ್ನು ತಿದ್ದುವುದಿಲ್ಲ. ತಿದ್ದಲೂಬಾರದು. ಆ ಒಂದು ಅಕ್ಷರದಿಂದಲೇ ಈ ಕೃತಿಯನ್ನು ಯಾವ ಪಟ್ಟಿಯಲ್ಲಾದರೂ ಗುರುತಿಸಬಹುದು.

ಹಾಡಿನ ಬೆನ್ನು ಹತ್ತಿ ಅಮೆರಿಕಕ್ಕೆ ಹೋಗೋಣ. ಸಿಬಿಎಸ್ ಬಳಗದ್ದೇ ಆದ ಅಲ್ಲಿನ ಕೊಲಂಬಿಯಾ ಕಂಪನಿಗೆ ಈ ಎಲ್‌ಪಿ ಹೊರತರುವ ಮನಸ್ಸೇ ಇರಲಿಲ್ಲ. ಆಗಷ್ಟೇ ಅಲ್ಲಿ ನಿರ್ಮಾಪಕರಾಗಿದ್ದ ಸಂಗೀತಗಾರ ಆಲ್ ಕೂಪರ್ ಲಂಡನ್ನಿನಿಂದ ಒಂದು ಹೊರೆ ರೆಕಾರ್ಡು ಹೊತ್ತು ತಂದಿದ್ದರು. ಆ ರಾಶಿಯಲ್ಲಿ ಇದೊಂದು ಅವರನ್ನು ಹಿಡಿದು ನಿಲ್ಲಿಸಿತು. ಮುಖ್ಯಸ್ಥ ಕ್ಲೈವ್ ಡೇವಿಸ್ ಅವರ ಬಳಿ ಹೋಗಿ, ಇದರ ಹಕ್ಕು ಯಾರ ಬಳಿ ಇದ್ದರೂ ಕೊಳ್ಳಲೇಬೇಕು ಎಂದು ಪಟ್ಟುಹಿಡಿದರು. ಹಕ್ಕು ಅವರದೇ ಕಂಪನಿಯ ಬಳಿ ಇತ್ತು. 'ಡೇಟ್' ಎಂಬ ಉಪಲೇಬಲ್ಲಿನಲ್ಲಿ ಎಲ್‌ಪಿ ಬಂತು.

ಡೇಟ್ ಅದರಿಂದ ಮೊದಲು ಆರಿಸಿದ ಸಿಂಗಲ್ 'ಬುಚರ್ಸ್ ಟೇಲ್'. 1914ರ ಯುದ್ಧರಂಗದಲ್ಲಿ ನಿಂತ ಒಬ್ಬ ಸಾಮಾನ್ಯನ ಭಯದ ಹಾಡು. ವೈಟ್ ಬರೆದು ತಾವೇ ನಡುಗುವ ದನಿಯಲ್ಲಿ ಹಾಡಿದ್ದು. ವಿಯೆಟ್ನಾಂ ಯುದ್ಧದ ನಡುವೆ ಅಮೆರಿಕದ ಕಿವಿಗೆ ಅದು ತಟ್ಟೀತು ಎಂದು ಎಣಿಸಿದ್ದರು. ತಟ್ಟಲಿಲ್ಲ. ಆ ಚಿಕ್ಕ ರೆಕಾರ್ಡನ್ನು ಮಗುಚಿ ಹಾಕಿದರೆ ಇನ್ನೊಂದು ಬದಿಯಲ್ಲಿ ಇದ್ದದ್ದು 'ದಿಸ್ ವಿಲ್ ಬಿ ಅವರ್ ಇಯರ್'. ನಾನು ಹುಡುಕುತ್ತಿದ್ದ ಹಾಡು ಯಾರೂ ಕೊಳ್ಳದ ರೆಕಾರ್ಡಿನ ಬೆನ್ನಿಗೆ ಅಂಟಿಕೊಂಡು ಅಟ್ಲಾಂಟಿಕ್ ದಾಟಿತ್ತು.

ಬಳಿಕ ಬಂದದ್ದು 'ಟೈಮ್ ಆಫ್ ದ ಸೀಸನ್'. ಅದು ನಿಧಾನವಾಗಿ ಊರಿಂದ ಊರಿಗೆ ಹಬ್ಬಿ 1969ರ ಆರಂಭದಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೂರನೆಯ ಸ್ಥಾನಕ್ಕೆ ಬಂತು. ತಂಡ ಚದುರಿ ಒಂದು ವರ್ಷ ದಾಟಿತ್ತು. ಆರ್ಜೆಂಟ್ ತಮ್ಮದೇ ಹೆಸರಿನ ಹೊಸ ತಂಡ ಕಟ್ಟುವುದರಲ್ಲಿದ್ದರು, ವೈಟ್ ಅದಕ್ಕೆ ಹಾಡು ಬರೆಯುವವರಾದರು. ಬ್ಲನ್‌ಸ್ಟೋನ್ 'ನೀಲ್ ಮೆಕಾರ್ಥರ್' ಎಂಬ ಸುಳ್ಳು ಹೆಸರಿನಲ್ಲಿ ಹಳೆಯ 'ಶೀಸ್ ನಾಟ್ ದೇರ್' ಹಾಡನ್ನೇ ಮತ್ತೆ ಹಾಡಿದರು.

ಅಮೆರಿಕದ ಊರುಗಳಲ್ಲಿ ಝಾಂಬೀಸ್ ಕಛೇರಿಗಳು ಮಾತ್ರ ನಡೆಯುತ್ತಲೇ ಇದ್ದವು! ಮಿಶಿಗನ್ನಿನ ಡೆಲ್ಟಾ ಪ್ರೊಮೋಷನ್ಸ್ ಎಂಬ ಸಂಸ್ಥೆ ಬೇರೆ ಹುಡುಗರನ್ನು ಕೂಡಿಸಿ, ಇವರೇ ಝಾಂಬೀಸ್ ಎಂದು ಊರೂರಿಗೆ ಕಳಿಸಿತ್ತು. ಅವರಲ್ಲಿ ಟೆಕ್ಸಸ್ಸಿನ ಇಬ್ಬರು, ಡಸ್ಟಿ ಹಿಲ್ ಮತ್ತು ಫ್ರಾಂಕ್ ಬಿಯರ್ಡ್, ಮುಂದೆ 'ಝೀಝೀ ಟಾಪ್' ತಂಡದಲ್ಲಿ ಜಗತ್ಪ್ರಸಿದ್ಧರಾದರು. ಹಾಡು ಎಲ್ಲಿಯದೋ, ದೇಹ ಇನ್ನೆಲ್ಲಿಯದೋ. ಇನ್ನೊಬ್ಬರ ಅಂಕಿತ ಹಾಕಿ ವಚನ ಬರೆದವರ ಕಥೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿದೆ. ಆದರೆ ಅಂಕಿತದ ಒಡೆಯರು ಬದುಕಿರುವಾಗ, ಅವರದೇ ಹಾಡು ರೇಡಿಯೋದಲ್ಲಿ ಬರುತ್ತಿರುವಾಗ ಹೀಗಾದದ್ದು ನನ್ನನ್ನು ಇಂದಿಗೂ ಕೆಣಕುತ್ತದೆ. ವೇದಿಕೆಯ ಮುಂದೆ ಕೂತ ಸಾವಿರಾರು ಹುಡುಗ ಹುಡುಗಿಯರು ಮನೆಗೆ ಕೊಂಡೊಯ್ದ ನೆನಪು ಯಾರದು?

ಹಿಟ್ ಬಂದ ಮೇಲೆ ಬಾಕಿ ಉಳಿದ ಹಾಡುಗಳನ್ನೂ ಹೊಸ ಕೆಲವನ್ನೂ ಕೂಡಿಸಿ 'ಆರ್.ಐ.ಪಿ.' ಎಂಬ ಎಲ್‌ಪಿಗೆ ಸಿದ್ಧತೆ ನಡೆಯಿತು, ಆಗ ಅದು ಹೊರಬರಲಿಲ್ಲ. ಅಲ್ಲಿಗೆ ಝಾಂಬೀಸ್ ಕಡತ ಮುಚ್ಚಿದಂತಾಯಿತು.

ಮುಚ್ಚಿದ ಕಡತಗಳನ್ನು ತೆರೆಯುವ ಕೆಲಸ ಎಪ್ಪತ್ತರ ದಶಕದಲ್ಲಿ ಶುರುವಾಯಿತು. 1972ರಲ್ಲಿ ಲೆನಿ ಕೇ ಎಂಬ ಯುವಕ ಎಲೆಕ್ಟ್ರಾ ಕಂಪನಿಗೆ 'ನಗೆಟ್ಸ್' ಎಂಬ ಎರಡು ಎಲ್‌ಪಿಯ ಸಂಕಲನ ಮಾಡಿಕೊಟ್ಟರು. ಕೆಲವೇ ವರ್ಷ ಹಿಂದಿನ, ಆಗಲೇ ಮರೆತುಹೋಗಿದ್ದ 27 ಅಮೆರಿಕನ್ ಹಾಡುಗಳು. ಹಳೆಯ ಪಾಪ್ ಹಾಡಿಗೂ ಟಿಪ್ಪಣಿ ಬರೆಯಬಹುದು, ತಂಡ ಯಾವ ಊರಿನದು ಎಂದು ಹುಡುಕಬಹುದು ಎಂದು ಅದು ತೋರಿಸಿತು. ಆಮೇಲೆ ಬ್ರಿಟನ್ನಿನಲ್ಲಿ ಇಂಥ ಸಂಕಲನಗಳು ಸಾಲಾಗಿ ಬಂದವು. ಕಂಪನಿಗಳು ಕಸವೆಂದು ಬಿಟ್ಟದ್ದನ್ನು ಕೇಳುಗರೇ ಆರಿಸಿ ತಂದರು.

ಎಷ್ಟು ಆಳಕ್ಕೆ ಹೋಗಿ ಆರಿಸಬೇಕಾಗಿತ್ತು ಎಂಬುದಕ್ಕೆ ಬಿಲ್ಲಿ ನಿಕಲ್ಸ್ ಅವರ 'ವುಡ್ ಯು ಬಿಲೀವ್' ಒಂದನ್ನು ಹೇಳಿದರೆ ಸಾಕು. 1968ರಲ್ಲಿ ಆಂಡ್ರೂ ಲೂಗ್ ಓಲ್ಡ್‌ಹ್ಯಾಂ ತಮ್ಮ ಇಮೀಡಿಯೆಟ್ ಕಂಪನಿಗಾಗಿ ಮಾಡಿಸಿದ ಎಲ್‌ಪಿ. ಸ್ಮಾಲ್ ಫೇಸಸ್ ತಂಡದವರು ಕೈಜೋಡಿಸಿದ್ದರು. ಕಂಪನಿಯ ಹಣದ ಮುಗ್ಗಟ್ಟಿನಿಂದ ಅದು ಅಂಗಡಿಗೆ ಹೋಗಲೇ ಇಲ್ಲ. ಪ್ರಚಾರಕ್ಕೆಂದು ಒತ್ತಿದ ಸುಮಾರು ನೂರು ಪ್ರತಿಗಳಷ್ಟೇ ಉಳಿದವು. 1970ಕ್ಕೆ ಕಂಪನಿ ಮುಳುಗಿತು. ತೊಂಬತ್ತರ ದಶಕದ ಕೊನೆಯಲ್ಲಿ ಅದು ಸಿಡಿಯಾಗಿ ಬರುವವರೆಗೆ ಆ ನೂರು ಪ್ರತಿಗಳೇ ಆ ಕೃತಿಯ ಇಡೀ ಹಸ್ತಪ್ರತಿ ಪರಂಪರೆ.

ಇಂಥ ಅಭಾವ ಕಳ್ಳ ಪ್ರತಿಗಳನ್ನೂ ಹುಟ್ಟಿಸುತ್ತದೆ. ನಾನು ಒಮ್ಮೆ ಅರವತ್ತರ ದಶಕದ ಅಪರೂಪದ ಎಲ್‌ಪಿಯೊಂದರ ಮರುಮುದ್ರಣವನ್ನು ದುಬಾರಿ ಬೆಲೆಗೆ ತರಿಸಿದೆ. ಹೊದಿಕೆಯ ಮೇಲೆ ಮೂಲ ಟೇಪಿನಿಂದ ಎಂದು ಅಚ್ಚಾಗಿತ್ತು. ಎರಡನೆಯ ಹಾಡಿನ ಹಿಂದೆ ಸೂಜಿಯ ಟಕ್ ಟಕ್ ಸದ್ದು, ನಿಮಿಷಕ್ಕೆ ಸುಮಾರು 33 ಸಲ. ಎಲ್‌ಪಿ ತಿರುಗುವ ವೇಗ ಅದು. ಯಾರದೋ ಮನೆಯ ಗೀರುಬಿದ್ದ ರೆಕಾರ್ಡನ್ನು ಟೇಪಿಗಿಳಿಸಿ ಮತ್ತೆ ಒತ್ತಿದ್ದರು. ಆ ಕೃತಿಯ ಹಾಡುಗಾರರಿಗೆ ಅದರಿಂದ ಒಂದು ಕಾಸೂ ಹೋಗಿರಲಾರದು. ರೆಕಾರ್ಡಿನಿಂದ ಪ್ರತಿ ಮಾಡುವುದೇ ತಪ್ಪು ಎನ್ನುತ್ತಿಲ್ಲ. ಟೇಪು ನಾಶವಾಗಿದ್ದರೆ ಬೇರೆ ದಾರಿ ಇರುವುದಿಲ್ಲ, ಒಳ್ಳೆಯ ಸಂಪಾದಕರೂ ಹಾಗೆ ಮಾಡುತ್ತಾರೆ. ಆದರೆ ಅವರು ಅದನ್ನು ಹೇಳುತ್ತಾರೆ. ಯಾವ ಪ್ರತಿಯಿಂದ ಇಳಿಸಿದ್ದು ಎಂದು ಮುಚ್ಚಿಟ್ಟ ಸಂಪಾದನೆ ಸಂಪಾದನೆಯಲ್ಲ.

ಝಾಂಬೀಸ್‌ಗೆ ಸರಿಯಾದ ಸಂಪಾದಕ ಸಿಕ್ಕಿದ್ದು ಅವರ ಅದೃಷ್ಟ. ಏಸ್ ಕಂಪನಿಯ ಬಿಗ್ ಬೀಟ್ ಲೇಬಲ್ 1997ರಲ್ಲಿ 'ಝಾಂಬಿ ಹೆವನ್' ಎಂಬ ನಾಲ್ಕು ಸಿಡಿಗಳ ಪೆಟ್ಟಿಗೆ ತಂದಿತು. ಅಲೆಕ್ ಪಲಾವೊ ಅದರ ಸಂಪಾದಕರು. ಡೆಕ್ಕಾ ದಿನಗಳ ಹಾಡುಗಳು, ಒಡಿಸ್ಸಿ, ಹೊರಬರದೆ ಹೋದ ಆರ್.ಐ.ಪಿ.ಯ ಹಾಡುಗಳು, ಬಿಬಿಸಿ ರೇಡಿಯೋಗೆ ಹಾಡಿದವು ಎಲ್ಲವನ್ನೂ ಒಟ್ಟು ಮಾಡಿ, ತಂಡದವರನ್ನೇ ಮಾತಾಡಿಸಿ ದೊಡ್ಡ ಪುಸ್ತಿಕೆ ಬರೆದರು. ಮರುವರ್ಷ ಒಡಿಸ್ಸಿಯ ಮೋನೋ ಮತ್ತು ಸ್ಟೀರಿಯೊ ಎರಡೂ ಪಾಠಗಳು ಒಂದೇ ಸಿಡಿಯಲ್ಲಿ ಬಂದವು. ಇಡೀ ಕೃತಿ 35 ನಿಮಿಷದ್ದು, ಆದ್ದರಿಂದ ಎರಡೂ ಹಿಡಿದವು. ಒಂದೇ ಕೃತಿಯ ಎರಡು ಪಾಠಗಳನ್ನು ಓದುಗರ ಮುಂದಿಟ್ಟು, ನೀವೇ ಹೋಲಿಸಿ ಎನ್ನುವ ಸಂಪಾದಕರನ್ನು ಕಂಡರೆ ನನಗೆ ಕೈಮುಗಿಯಬೇಕು ಎನ್ನಿಸುತ್ತದೆ.

ಹಾಗೆ ಹೋಲಿಸಿದಾಗ ಮೋನೋ ಬರೀ ಸ್ಟೀರಿಯೊದ ಇಕ್ಕಟ್ಟಾದ ರೂಪವಲ್ಲ ಎಂದು ತಿಳಿಯುತ್ತದೆ. ಸ್ಟೀರಿಯೊದಲ್ಲಿ ಬಿಡಿಬಿಡಿಯಾಗಿ ಕೇಳುವ ದನಿಗಳು ಅಲ್ಲಿ ಒಂದೇ ಉಸಿರಾಗುತ್ತವೆ. 'ಚೇಂಜಸ್' ಹಾಡಿನ ದನಿಗೂಡಿಕೆ ಮಾತ್ರ ನನಗೆ ಸ್ಟೀರಿಯೊದಲ್ಲೇ ಇಷ್ಟ. ಐವರೂ ಸುತ್ತ ನಿಂತು ಹಾಡಿದಂತೆ ಕೇಳುತ್ತದೆ, ಆ ಸುಖವನ್ನು ಬಿಟ್ಟುಕೊಡಲಾರೆ. ಆದರೆ ಒಂಬತ್ತನೆಯ ಹಾಡಿಗೆ ಆಯ್ಕೆಯೇ ಇಲ್ಲ. ಮೋನೋ ಹಾಕಿದ ಕೂಡಲೇ ಮಸುಕು ಹರಿಯಿತು. ಡ್ರಮ್ಮಿನ ಏಟಿಗೆ ತೂಕ ಬಂತು, ಬ್ಲನ್‌ಸ್ಟೋನ್ ದನಿ ಎದುರಿಗೆ ಬಂತು, ಮಲ್ಟಿಟ್ರ್ಯಾಕ್ ಟೇಪಿನಲ್ಲಿ ಎಂದೂ ಇರದಿದ್ದ ತುತ್ತೂರಿಗಳು ತಮ್ಮ ನಿಜವಾದ ಎತ್ತರದಲ್ಲಿ ನಿಂತವು. ಕೆಲವು ಮರುಮುದ್ರಣಗಳು ಸ್ಟೀರಿಯೊ ಎಲ್‌ಪಿಯಲ್ಲೂ ಈ ಒಂದು ಹಾಡನ್ನು ವೇಷ ಕಳಚಿ ಮೋನೋದಲ್ಲೇ ಇಟ್ಟಿವೆ. ಸರಿಯಾದ ತೀರ್ಮಾನ ಅದೇ.

ಪಾಲ್ ಆಟ್ಕಿನ್ಸನ್ 2004ರಲ್ಲಿ ತೀರಿಕೊಂಡರು. ಉಳಿದ ನಾಲ್ವರು 2008ರ ಮಾರ್ಚ್‌ನಲ್ಲಿ ಲಂಡನ್ನಿನ ಶೆಪರ್ಡ್ಸ್ ಬುಷ್ ಎಂಪೈರ್ ರಂಗಮಂದಿರದಲ್ಲಿ ಈ ಹನ್ನೆರಡು ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದರು. 1967ರಲ್ಲಿ ಒಂದು ಸಲವೂ ಇಡಿಯಾಗಿ ವೇದಿಕೆ ಹತ್ತದಿದ್ದ ಕೃತಿ ಅದು.

ಈ ಎಲ್‌ಪಿಯನ್ನು ಮೊದಲ ಸಲ ಕೇಳಲಿರುವವರಿಗೆ ಒಂದು ಮಾತು. ಉಳಿದವನ್ನು ನಿಮಗೆ ಸಿಕ್ಕ ರೂಪದಲ್ಲಿ ಕೇಳಿ. 'ದಿಸ್ ವಿಲ್ ಬಿ ಅವರ್ ಇಯರ್' ಮಾತ್ರ ಮೋನೋ ಪ್ರತಿ ಹುಡುಕಿ ಕೇಳಿ. ಆ ತುತ್ತೂರಿಗಳನ್ನು ಊದಿದ್ದು ಅಲ್ಲಿಗೇ.